52ರಲ್ಲಿ 27 ಹೋದರೆ ಉಳಿಯುವುದು ಬಾದಾಮಿ

ಮೂರನೇ ಕ್ಲಾಸಿನ ಮಗು 52ರಲ್ಲಿ 27 ಕಳೆದು 35 ಅಂತ ಬರೆಯಿತೆನ್ನಿ, ಮನೆಯಲ್ಲಿ ತುರ್ತು ಪರಿಸ್ಥಿತಿ. ಅಜ್ಜಿ ಬಾದಾಮಿ ನೆನೆಹಾಕುತ್ತಾರೆ, ಅಮ್ಮ ಒಂದೆಲಗದ ಚಟ್ನಿ ಅರೆಯುತ್ತಾರೆ, ಅಪ್ಪ, ಕಣ್ಣಿಗೆ ಪಟ್ಟಿ ಕಟ್ಟಿ ಓದಿಸಿ ಬುದ್ಧಿ ಚುರುಕು ಮಾಡುತ್ತೇವೆ ಅನ್ನುವ ‘ಮಿಡ್‌ಬ್ರೈನ್ ಆ್ಯಕ್ಟಿವೇಶನ್’ ಕ್ಲಾಸಿಗೆ ಅಡ್ವಾನ್ಸ್ ಕಟ್ಟಿ ಬರುತ್ತಾರೆ. ಮಿಡ್‌ಬ್ರೈನ್ ಅನ್ನುವುದು ಕಣ್ಣುಗುಡ್ಡೆ ಹೊರಳಿಸುವಂಥ ಕೆಲಸ ನೋಡಿಕೊಳ್ಳುವ ಭಾಗ. ಹುಟ್ಟಿದಾಗಿನಿಂದ ಆನ್ ಆಗಿಯೇ ಇದೆ. ಕಣ್ಣಿಗೆ ಕಟ್ಟಿದ ಪಟ್ಟಿಯ ಕೆಳಗೆ, ಮೂಗಿನ ಪಕ್ಕದ ಸಂದಿಯಿಂದ ಇಣುಕುವಾಗಲಂತೂ ಓವರ್‌ಟೈಮ್ ದುಡಿಯುತ್ತದೆ.

ಆ 35 ಅನ್ನು ಮಾತ್ರ ಯಾರೂ ಓದುವುದಿಲ್ಲ. 2ರಲ್ಲಿ 7 ಹೋಗದು ಅಂತ ಮಗು ತಿರುಗಿಸಿ, 7ರಲ್ಲಿ 2 ಕಳೆದು 5 ಬರೆದಿದೆ. ಆಮೇಲೆ 5ರಲ್ಲಿ 2 ಹೋದರೆ 3. ಕಳೆಯಲು ಬರುತ್ತದೆ, ‘ದೊಡ್ಡದರಲ್ಲೇ ಚಿಕ್ಕದನ್ನು ಕಳೆ’ ಅಂತ ಕಲಿಸಿದವರೂ ನಾವೇ. ಬಾರದಿರುವುದು, 52 ಅಂದರೆ 4 ಹತ್ತು ಮತ್ತು 12 ಬಿಡಿಯೂ ಹೌದು ಎಂಬುದು. ಹತ್ತು ಹತ್ತು ಕಡ್ಡಿಯ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು, ಒಂದು ಕಟ್ಟನ್ನು ಮಗುವಿನ ಕೈಯಲ್ಲೇ ಬಿಚ್ಚಿಸಿದರೆ ಕಣ್ಣಿಗೆ ಕಾಣುತ್ತದೆ. ಆದರೆ ರಬ್ಬರ್‌ಬ್ಯಾಂಡಿಗೆ ಫ್ರಾಂಚೈಸಿ ಇಲ್ಲವಲ್ಲ.

403ರಲ್ಲಿ 178 ಇನ್ನೂ ಮಜಾ. ಸೊನ್ನೆಯ ಮನೆಯಲ್ಲಿ ಸಾಲ ಹುಟ್ಟದೆ ನೂರರ ಮನೆಗೆ ಹೋಗಬೇಕು: 4 ಇದ್ದದ್ದು 3, ಸೊನ್ನೆ 10 ಆಗಿ 9, ಕೊನೆಯ 3 ಈಗ 13. ಇಷ್ಟನ್ನೂ ತಲೆಯಲ್ಲಿಟ್ಟುಕೊಂಡೇ 13ರಲ್ಲಿ 8 ಎಣಿಸಬೇಕು. ಎಣಿಸಿ ಮುಗಿಯುವಷ್ಟರಲ್ಲಿ ಸಾಲ ಕೊಟ್ಟವರಾರೆಂದು ಮರೆತಿರುತ್ತದೆ. ಲೆಕ್ಕ ಮುಗಿಯುವವರೆಗೆ ಅಂಕಿಗಳನ್ನು ಹಿಡಿದಿಟ್ಟುಕೊಳ್ಳುವ ‘ಕೆಲಸದ ನೆನಪಿ’ನ ತಟ್ಟೆಯೇ ಅಷ್ಟು ಚಿಕ್ಕದು. ಬೆರಳು ಮಡಚಿದರೆ ತಟ್ಟೆ ಸ್ವಲ್ಪ ಹಗುರಾದೀತು. ‘ಬೆರಳೆಣಿಸಿದರೆ ನೋಡು!’ ಅಂತ ಗದರಿದ ಅದೇ ಅಪ್ಪ, ಗಾಳಿಯಲ್ಲಿ ಬೆರಳಾಡಿಸುವುದನ್ನು ಕಲಿಸುವ ಅಬ್ಯಾಕಸ್ ಕ್ಲಾಸಿಗೆ ತಿಂಗಳು ತಿಂಗಳೂ ಫೀಸು ಕಟ್ಟುತ್ತಾರೆ. ಇದನ್ನು ಯಾವ ಲೆಕ್ಕಕ್ಕೆ ಸೇರಿಸೋಣ?

ಮಗ್ಗಿ ಬೇರೆ. ‘ಏಳೆಂಟ್ಲ?’ ಅಂದರೆ ಮಗು ಏಳೊಂದ್ಲ ಏಳರ ಬಸ್‌ಸ್ಟ್ಯಾಂಡಿನಿಂದಲೇ ಹೊರಡುತ್ತದೆ. ಅವಸರ ಮಾಡಿಸಿದರೆ ಪಕ್ಕದ ಸ್ಟಾಪು 54ರಲ್ಲೋ 48ರಲ್ಲೋ ಇಳಿಯುತ್ತದೆ. ಮೇಲೆ ಕೋಲು ಹಿಡಿದವರು ನಿಂತರೆ, ಇದ್ದ ಚೂರು ನೆನಪನ್ನೂ ಭಯವೇ ತಿನ್ನುತ್ತದೆ. ಪರಿಹಾರ: ಮಗ್ಗಿ 20ರವರೆಗೆ, ನಾಳೆಯೊಳಗೆ.

ಕೆಲವು ಮಕ್ಕಳಿಗೆ ಅಂಕಿ-ಲೆಕ್ಕವೇ ಹಿಡಿತಕ್ಕೆ ಸಿಗದ ಕಲಿಕೆಯ ತೊಂದರೆ ಇರುತ್ತದೆ, ಹೆಸರು ಡಿಸ್‌ಕ್ಯಾಲ್ಕುಲಿಯಾ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು ಹೆಸರಿಟ್ಟೇ ಗುರುತಿಸಿದೆ. ನಮ್ಮ ಮನೆಮನೆಯ ನಿಘಂಟಿನಲ್ಲಿ ಅದರ ಅರ್ಥ ಇವತ್ತಿಗೂ ‘ಸೋಮಾರಿತನ’.

ಮರುದಿನ 61ರಲ್ಲಿ 38 ಕಳೆದು ಮಗು 37 ಬರೆಯಿತು. ಬಾದಾಮಿ ಐದರಿಂದ ಹತ್ತಕ್ಕೇರಿತು.