ಟ್ರಾವೆಲ್ ಅಡಾಪ್ಟರ್ ವೋಲ್ಟೇಜ್ ಬದಲಿಸುತ್ತಾ?

ಬೇರೆ ದೇಶದ ವೋಲ್ಟೇಜ್‌ಗೆ ಫೋನ್ ಚಾರ್ಜರ್ ಸುಟ್ಟುಹೋಗುತ್ತದೆ, ಏರ್‌ಪೋರ್ಟ್ ಅಂಗಡಿಯ ಅಡಾಪ್ಟರ್ ಹಾಕಿದರೆ ಮಾತ್ರ ಬಚಾವ್ ಅನ್ನುವ ಮೆಸೇಜ್ ಆಗಾಗ ಫಾರ್ವರ್ಡ್ ಆಗಿ ಬರುತ್ತಲೇ ಇರುತ್ತದೆ. ಕಳಿಸುವವರದು ಕಾಳಜಿಯೇ. ಆದರೆ ವಿಷಯ ಸರಿಯಿಲ್ಲ.

ಸಾಮಾನ್ಯ ಟ್ರಾವೆಲ್ ಅಡಾಪ್ಟರ್ ವೋಲ್ಟೇಜ್ ಬದಲಿಸುವುದೇ ಇಲ್ಲ. ಪಿನ್ನು ಅಲ್ಲಿನ ಸಾಕೆಟ್‌ಗೆ ಕೂರುವಂತೆ ಮಾಡುತ್ತದೆ, ಅಷ್ಟೇ.

ನೀವೇ ನೋಡಬಹುದು. ಚಾರ್ಜರ್ ತಿರುಗಿಸಿ, ಅದರ ಮೇಲಿನ ಸಣ್ಣ ಬೂದು ಅಕ್ಷರ ಕಾಣದಿದ್ದರೆ ಫೋಟೋ ತೆಗೆದು ದೊಡ್ಡದು ಮಾಡಿ. ‘ಇನ್‌ಪುಟ್’ ಅನ್ನುವ ಸಾಲಿನಲ್ಲಿ 100-240 ವೋಲ್ಟ್, 50/60 ಹರ್ಟ್ಝ್ ಅಂತ ಇದ್ದರೆ ಅದು ಜಪಾನಿನ 100 ವೋಲ್ಟ್‌ಗೂ ಬ್ರಿಟನ್ನಿನ 230 ವೋಲ್ಟ್‌ಗೂ ತಾನೇ ಹೊಂದಿಕೊಳ್ಳುತ್ತದೆ. ಈಗಿನ ಫೋನ್, ಲ್ಯಾಪ್‌ಟಾಪ್ ಚಾರ್ಜರ್‌ಗಳು ಹೆಚ್ಚಾಗಿ ಹೀಗೇ ಇರುತ್ತವೆ. ಪಿನ್ನೂ ಹೊಂದುವುದಾದರೆ ಸುಮ್ನೆ ಅಡಾಪ್ಟರ್ ಯಾಕೆ ಕೊಳ್ಳಬೇಕು ಅಲ್ವಾ?

ನನಗೆ ಜಾಸ್ತಿ ಭಯ ಇರುವುದು ಹೇರ್ ಡ್ರೈಯರ್, ಇಸ್ತ್ರಿಪೆಟ್ಟಿಗೆ ವಿಷಯದಲ್ಲಿ. ಬರೀ 120 ವೋಲ್ಟ್ ಅಂತ ಬರೆದಿರುವುದನ್ನು ಅಡಾಪ್ಟರ್ ನಂಬಿ 230 ವೋಲ್ಟ್ ಸಾಕೆಟ್‌ಗೆ ಸಿಕ್ಕಿಸಿದರೆ ಅದು ನಿಜವಾಗಲೂ ಸುಡಬಹುದು. ಅಲ್ಲಿ ಬೇಕಾದ್ದು ವೋಲ್ಟೇಜನ್ನೇ ಬದಲಿಸುವ ಕನ್ವರ್ಟರ್, ಅದೂ ಆ ಉಪಕರಣದಷ್ಟು ವ್ಯಾಟ್ ತಡೆಯುವಂಥದ್ದು. ಕೊಳ್ಳುವ ಮೊದಲು ಪ್ಯಾಕ್ ಮೇಲೆ ‘ಕನ್ವರ್ಟರ್’ ಅನ್ನುವ ಪದ, ಸಾಕಷ್ಟು ವ್ಯಾಟ್ ಎರಡೂ ಇವೆಯಾ ಓದಿ ನೋಡಿ.