ಒಂದು ಖಾಲಿ ಅರ್ಧ ಗಂಟೆ

ಸಂಗೀತ ಹೇಳಿಕೊಡುವವರನ್ನು ಕಂಡರೆ ಜನರಿಗೆ ಅಸೂಯೆ ಬೆರೆತ ಒಂದು ಗೌರವ. ಇವರಿಗೇನು ಕಡಿಮೆ, ಬೆಳಗಿನಿಂದ ರಾತ್ರಿಯವರೆಗೆ ಸಪ್ತಸ್ವರಗಳ ಸಹವಾಸ, ಕಡತಗಳಿಲ್ಲ, ಮೇಲಧಿಕಾರಿಯಿಲ್ಲ ಎಂದುಕೊಳ್ಳುತ್ತಾರೆ. ನಾನು ಒಬ್ಬ ಸಂಗೀತ ಶಿಕ್ಷಕಿಯ ಗಂಡ. ಷಡ್ಜಕ್ಕೂ ಪಂಚಮಕ್ಕೂ ವ್ಯತ್ಯಾಸ ತಿಳಿಯದವನು. ಆದ್ದರಿಂದ ಅವಳ ಪುಟ್ಟ ಶಾಲೆಯಲ್ಲಿ ನನಗೆ ಸಿಕ್ಕಿರುವುದು ಸ್ವರಜ್ಞಾನ ಬೇಡದ ಕೆಲಸಗಳು: ವೇಳಾಪಟ್ಟಿ ಬರೆಯುವುದು, ಶುಲ್ಕದ ಲೆಕ್ಕ ಇಡುವುದು, ಬಾಗಿಲು ತೆರೆಯುವುದು. ಸಂಗೀತಕ್ಕೆ ಕಿವಿ ಬೇಕು ಎನ್ನುತ್ತಾರೆ. ಸಂಗೀತ ಶಾಲೆಗೆ ಬೇಕಾಗಿರುವುದು ಒಂದು ಪೆನ್ಸಿಲ್ ಮತ್ತು ಒಳ್ಳೆಯ ರಬ್ಬರ್. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ತೊಂದರೆಯ ಮೂಲ ಇರುವುದು ಗಡಿಯಾರದಲ್ಲಿ. ಜಗತ್ತು ಸಂಗೀತ ಕಲಿಯುವುದು ಉಳಿಕೆಯ ಹೊತ್ತಿನಲ್ಲಿ. ಮಕ್ಕಳು ಶಾಲೆ ಬಿಟ್ಟ ಮೇಲೆ ಬರುತ್ತಾರೆ, ದೊಡ್ಡವರು ಆಫೀಸು ಮುಗಿದ ಮೇಲೆ, ಇಬ್ಬರೂ ಸೇರಿ ಭಾನುವಾರ. ಹಾಗಾಗಿ ವಾರದ ಎಲ್ಲ ವಿದ್ಯಾರ್ಥಿಗಳೂ ಸಂಜೆಯ ಅವೇ ಮೂರು ನಾಲ್ಕು ಗಂಟೆಗಳೊಳಗೆ ತೂರಿಕೊಳ್ಳಬೇಕು. ಅಷ್ಟಾಗಿದ್ದರೆ ಸಹಿಸಬಹುದಿತ್ತು. ಆದರೆ ಸಂಗೀತ ಕಛೇರಿಗಳೂ ನಡೆಯುವುದು ಸಂಜೆಯೇ, ಅದೂ ವಾರದ ಕೊನೆಯಲ್ಲಿ. ಕೇಳುವವರಿಗೆ ಬಿಡುವು ಸಿಗುವ ಹೊತ್ತೇ ಕಲಿಯುವವರಿಗೂ ಬಿಡುವಿನ ಹೊತ್ತು. ಹಾಡುವುದೂ ಹಾಡಿಸುವುದೂ ಒಂದೇ ಗಳಿಗೆಗೆ ಜಗಳವಾಡುತ್ತವೆ, ತೀರ್ಪು ಕೊಡಬೇಕಾದವನು ಪೆನ್ಸಿಲ್ ಹಿಡಿದವನು. ಇನ್ನು ಹಗಲಿನ ಪಾಡು ಕೇಳುವುದೇ ಬೇಡ. ಬೆಳಿಗ್ಗೆ ಸ್ವಂತ ಅಭ್ಯಾಸ, ಆಮೇಲೆ ಬೇರೊಂದು ಶಾಲೆಯಲ್ಲಿ ಅರೆಕಾಲಿಕ ಕೆಲಸ. ಇಷ್ಟಾದರೂ ನೋಡುವವರ ಮಾತು ಒಂದೇ: "ನೀವು ಹಗಲೆಲ್ಲ ಬಿಡುವಾಗಿಯೇ ಇರುತ್ತೀರಲ್ಲ!"

ವೇಳಾಪಟ್ಟಿ ಹೇಗಿರುತ್ತದೆ ಎಂದರೆ, ಹದಿನೈದು ಬಿಲ್ಲೆಗಳನ್ನು ಸರಿಸಿ ಕ್ರಮವಾಗಿ ಜೋಡಿಸುವ ಆ ಚೌಕದ ಆಟವಿದೆಯಲ್ಲ, ಹಾಗೆ. ಹದಿನಾರನೆಯ ಮನೆ ಖಾಲಿ ಇರುವುದರಿಂದಲೇ ಉಳಿದ ಹದಿನೈದೂ ಅಲುಗಾಡುತ್ತವೆ. ಐದೂವರೆಯ ಹುಡುಗನಿಗೆ ಪರೀಕ್ಷೆ ಬಂತು, ಅವನನ್ನು ಗುರುವಾರಕ್ಕೆ ಸರಿಸಬೇಕು. ಗುರುವಾರದವಳಿಗೆ ನೃತ್ಯದ ತರಗತಿ, ಅವಳನ್ನು ಶನಿವಾರ ಬೆಳಿಗ್ಗೆಗೆ. ಶನಿವಾರದ ಬ್ಯಾಂಕ್ ಉದ್ಯೋಗಿಯನ್ನು ರಾತ್ರಿ ಎಂಟಕ್ಕೆ. ಖಾಲಿ ಮನೆಯೊಂದು ಇದ್ದರೆ ಇದೆಲ್ಲ ಒಂದು ಸಂಜೆಯ ಕೆಲಸ. ಆದರೆ ಬಾಡಿಗೆಯ ದಿನ ಹತ್ತಿರವಾದಾಗ ಯಾರೋ ಬಂದು "ಒಂದು ಅರ್ಧ ಗಂಟೆ ಎಲ್ಲಾದರೂ ಸಿಗಬಹುದೇ?" ಎಂದು ಕೇಳುತ್ತಾರೆ. ಇಲ್ಲ ಎನ್ನಲು ನಾಲಿಗೆ ಏಳುವುದಿಲ್ಲ. ಹದಿನಾರನೆಯ ಮನೆಗೂ ಬಿಲ್ಲೆ ಕೂರುತ್ತದೆ. ಅಲ್ಲಿಂದ ಮುಂದೆ ಏನೂ ಅಲುಗುವುದಿಲ್ಲ.

ಇದಕ್ಕೆ ಅಂಟಿಕೊಂಡೇ ಬರುವುದು ಬದಲಿ ಪಾಠದ ಬಾಬತ್ತು. ಮಗು ಬರಲಿಲ್ಲವೆಂದರೆ ಆ ಪಾಠ ಎಲ್ಲೋ ಭದ್ರವಾಗಿ ಉಳಿದಿದೆ ಎಂದು ಪೋಷಕರು ಪ್ರಾಮಾಣಿಕವಾಗಿ ನಂಬುತ್ತಾರೆ. ಶಿಕ್ಷಕಿ ಶ್ರುತಿ ಮಾಡಿಕೊಂಡು ಬಾಗಿಲು ನೋಡುತ್ತ ಕುಳಿತ ಅರ್ಧ ಗಂಟೆ ಖರ್ಚಾಗಿಹೋಯಿತು ಎಂಬುದು ಅವರ ಲೆಕ್ಕಕ್ಕೆ ಬರುವುದಿಲ್ಲ. ನಾನು ನಿಯಮ ಮಾಡಿ ಗೋಡೆಗೆ ಅಂಟಿಸಿದೆ: ಹಿಂದಿನ ದಿನವೇ ತಿಳಿಸಿದರೆ ಬದಲಿ ಪಾಠವುಂಟು, ಇಲ್ಲವಾದರೆ ಇಲ್ಲ. ನಿಯಮ ಇನ್ನೂ ಗೋಡೆಯ ಮೇಲಿದೆ. ಮುರಿದವರು ಪೋಷಕರಲ್ಲ, ಶಿಕ್ಷಕಿ. "ರೀ, ಆ ಮಗು ಚೆನ್ನಾಗಿ ಹಾಡುತ್ತದೆ, ಪಾಠ ತಪ್ಪಬಾರದು" ಎಂದಳು. ಚೆನ್ನಾಗಿ ಹಾಡದ ಮಗುವಿಗೆ ಪಾಠ ಇನ್ನೂ ಹೆಚ್ಚು ಬೇಕಂತೆ. ಒಟ್ಟಿನಲ್ಲಿ ನಿಯಮ ಅನ್ವಯಿಸುವ ಮಗು ಇನ್ನೂ ಹುಟ್ಟಿಲ್ಲ.

ಈ ಸಂಕಟ ನಮ್ಮ ಮನೆಯದೊಂದೇ ಅಲ್ಲ, ದೊಡ್ಡವರಿಗೂ ಇತ್ತು ಎಂದು ಓದಿ ನಾನು ಸಮಾಧಾನ ಪಡುತ್ತೇನೆ. ಬೀಥೋವನ್‌ನ ಶಿಷ್ಯ ಕಾರ್ಲ್ ಚೆರ್ನಿ ವಿಯೆನ್ನಾದಲ್ಲಿ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಪಾಠ ಹೇಳುತ್ತ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದ. ಪಿಯಾನೊ ಕಲಿಯುವ ಮಕ್ಕಳು ಇಂದಿಗೂ ಅವನ ಅಭ್ಯಾಸಪಾಠಗಳನ್ನು ಬಡಿಯುತ್ತಾರೆ. ಜರ್ಮನಿಯ ಸಂಗೀತ ರಚನಕಾರ ಬಾಖ್ 1723ರಲ್ಲಿ ಲೈಪ್‌ಜಿಗ್‌ನ ಶಾಲೆಗೆ ಸೇರಿದಾಗ ಸಂಗೀತದ ಜೊತೆಗೆ ಹುಡುಗರಿಗೆ ಲ್ಯಾಟಿನ್ ಕಲಿಸುವ ಹೊಣೆಯೂ ತಲೆಗೆ ಬಂತು. ಆತ ಸಹೋದ್ಯೋಗಿಯೊಬ್ಬನಿಗೆ ವರ್ಷಕ್ಕೆ 50 ಥಾಲರ್ (ಅಲ್ಲಿನ ಬೆಳ್ಳಿ ನಾಣ್ಯ) ಕೊಟ್ಟು ಅದನ್ನು ವಹಿಸಿಬಿಟ್ಟ. ಮೇಯರ್ ಅಪ್ಪಣೆಯಿಲ್ಲದೆ ಊರು ಬಿಟ್ಟು ಹೋಗಬಾರದು ಎಂಬ ಷರತ್ತು ಬೇರೆ ಇತ್ತು. ಇಟಲಿಯ ರಚನಕಾರ ವಿವಾಲ್ಡಿಯ ಜಾಣತನ ಇನ್ನೊಂದು ಬಗೆಯದು. ಅವನು ಸಂಗೀತ ಕಲಿಸಿದ ವೆನಿಸ್‌ನ ಅನಾಥಾಲಯದ ಆಡಳಿತ ಮಂಡಳಿ 1723ರಲ್ಲಿ ಅವನೊಂದಿಗೆ ಮಾಡಿಕೊಂಡ ಒಪ್ಪಂದ ಹೀಗಿತ್ತು: ತಿಂಗಳಿಗೆ ಎರಡು ಕಂಚೆರ್ಟೊ (ವಾದ್ಯಮೇಳದ ಕೃತಿ) ಬರೆದು ಕೊಡಬೇಕು, ಊರಲ್ಲಿದ್ದಾಗ ಹುಡುಗಿಯರಿಗೆ ತಾಲೀಮು ನಡೆಸಬೇಕು, ಪ್ರವಾಸದಲ್ಲಿದ್ದರೆ ಕೃತಿಯನ್ನು ಅಂಚೆಯಲ್ಲಿ ಕಳುಹಿಸಬಹುದು. ಮೊಬೈಲ್ ಮುಂದೆ ಕುಳಿತು ದೂರದೂರಿನ ಶಿಷ್ಯರಿಗೆ ಪಾಠ ಹೇಳುವುದು ಹೊಸ ಕಾಲದ ಆವಿಷ್ಕಾರವೆಂದು ನಾನು ತಿಳಿದಿದ್ದೆ.

ಆದರೆ ನಾನು ನಿಜವಾಗಿ ಕೈಮುಗಿಯುವುದು ಜರ್ಮನಿಯ ಪಿಯಾನೊ ವಾದಕಿ ಕ್ಲಾರಾ ಶೂಮನ್‌ಗೆ. ಗಂಡ ತೀರಿಕೊಂಡ ಮೇಲೆ ಊರೂರು ಸುತ್ತಿ ಪಿಯಾನೊ ನುಡಿಸಿ ಮಕ್ಕಳನ್ನು ಸಾಕಿದ ಹೆಂಗಸು. 1878ರಲ್ಲಿ ಫ್ರಾಂಕ್‌ಫರ್ಟ್‌ನ ಹೊಸ ಸಂಗೀತ ವಿದ್ಯಾಲಯ ಕರೆದಾಗ ತನ್ನ ಷರತ್ತುಗಳನ್ನು ಮುಂದಿಟ್ಟರು: ದಿನಕ್ಕೆ ಒಂದೂವರೆ ಗಂಟೆಗಿಂತ ಹೆಚ್ಚು ಪಾಠವಿಲ್ಲ, ಅದೂ ತನ್ನ ಮನೆಯಲ್ಲಿ, ವರ್ಷಕ್ಕೆ ನಾಲ್ಕು ತಿಂಗಳು ರಜೆ, ಚಳಿಗಾಲದಲ್ಲಿ ಕಛೇರಿಗಳಿಗೆ ಹೋಗಿಬರಲು ಅಡ್ಡಿ ಇರಬಾರದು. ವಿದ್ಯಾಲಯ ಒಪ್ಪಿತು. ಆರಂಭದ ಹಂತದ ಶಿಷ್ಯರನ್ನು ಅವರ ಹೆಣ್ಣುಮಕ್ಕಳು ನೋಡಿಕೊಂಡರು. ಇದನ್ನು ನನ್ನ ಹೆಂಡತಿಗೆ ಓದಿ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಬದಲಿ ಪಾಠದ ಬಗ್ಗೆ ಏನೂ ಬರೆದಿಲ್ಲವೇ?"

ಹೊರಗೆ ಉದ್ಯೋಗವಿಟ್ಟುಕೊಂಡು ಸಂಜೆ ಪಾಠ ಹೇಳುವವರನ್ನು ಜನ ಅರೆಸಂಗೀತಗಾರರೆಂಬಂತೆ ನೋಡುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ರಷ್ಯದ ರಚನಕಾರ ರಿಮ್‌ಸ್ಕಿ ಕೊರ್ಸಕೋವ್ 1871ರಲ್ಲಿ ಸಂಗೀತ ವಿದ್ಯಾಲಯದ ಪ್ರಾಧ್ಯಾಪಕನಾದಾಗ ಇನ್ನೂ ನೌಕಾಪಡೆಯ ಅಧಿಕಾರಿಯೇ ಆಗಿದ್ದ. ತಿಂಗಳ ಸಂಬಳವಿರುವ ಶಿಕ್ಷಕರಿಗೆ ಒಂದು ಸ್ವಾತಂತ್ರ್ಯವಿದೆ, ಅವರು ಧೈರ್ಯವಾಗಿ "ಇನ್ನೂ ಮೊದಲ ಪಾಠವಾದ ಸರಳೆಯೇ ಸಾಧನೆಯಾಗಿಲ್ಲ, ಮುಂದಕ್ಕೆ ಹೋಗುವಂತಿಲ್ಲ" ಎನ್ನಬಲ್ಲರು. ಶುಲ್ಕದಿಂದಲೇ ಮನೆ ನಡೆಸುವವರಿಗೆ ಆ ಮಾತು ಗಂಟಲಿನಿಂದ ಹೊರಗೆ ಬರುವ ಮೊದಲು ಬಾಡಿಗೆಯ ನೆನಪಾಗುತ್ತದೆ.

ಪಾಠ, ಕಛೇರಿ, ಹೊರಗಿನ ಕೆಲಸ, ಈ ಮೂರು ಹೇಗೋ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ನಾಲ್ಕನೆಯದಾದ ಆಡಳಿತ ಹೊಂದಿಕೊಳ್ಳುವ ಜಾತಿಯದಲ್ಲ. ಏಕೆಂದರೆ ಗಡುವು ಇರುವುದು ಅದಕ್ಕೆ ಮಾತ್ರ. ಅಭ್ಯಾಸವನ್ನು ನಾಳೆಗೆ ಹಾಕಿದರೆ ಯಾರೂ ನೋಟಿಸು ಕಳುಹಿಸುವುದಿಲ್ಲ, ವಿದ್ಯುತ್ ಬಿಲ್ಲನ್ನು ಹಾಕಿದರೆ ಕಳುಹಿಸುತ್ತಾರೆ. ಹಿಂದೂಸ್ತಾನಿ ಗಾಯಕ ವಿಷ್ಣು ದಿಗಂಬರ ಪಲುಸ್ಕರರ ಕಥೆ ಓದಿದಾಗಲೆಲ್ಲ ನನಗೆ ಇದೇ ಕಾಣುತ್ತದೆ. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು, 1908ರಲ್ಲಿ ಬೊಂಬಾಯಿಗೆ ತಂದರು. ರಾಜರ ಆಶ್ರಯವನ್ನು ನಂಬದೆ ಜನರ ದುಡ್ಡಿನಿಂದ ಸಂಗೀತ ಶಾಲೆ ನಡೆಸುವ ಸಾಹಸ ಅದು. ಪಠ್ಯ ಬರೆದರು, ಅಚ್ಚು ಹಾಕಿಸಿದರು, ಶಿಕ್ಷಕರನ್ನು ತಯಾರು ಮಾಡಿದರು, ಸಾಲ ತಂದು ಕಟ್ಟಡ ಕಟ್ಟಿಸಿದರು. ಸಾಲ ತೀರಿಸಲು ಊರೂರು ಅಲೆದು ಕಛೇರಿ ಮಾಡಿದರು. ಹಾಡಲು ಶಾಲೆ ಕಟ್ಟಿದವರು ಶಾಲೆಗಾಗಿ ಹಾಡುವಂತಾಯಿತು. 1924ರಲ್ಲಿ ಕಟ್ಟಡ ಹರಾಜಾಯಿತು. ಆದರೆ ಅವರು ತಯಾರು ಮಾಡಿದ ಶಿಷ್ಯರು ಬೇರೆ ಬೇರೆ ಊರುಗಳಲ್ಲಿ ಪಾಠ ಹೇಳುತ್ತಲೇ ಹೋದರು, ಅವರನ್ನು ಹರಾಜು ಹಾಕಲು ಬರುವಂತಿರಲಿಲ್ಲ. ವಿದ್ಯಾರ್ಥಿಯೊಬ್ಬನ ತಂದೆ ಮೊನ್ನೆ "ಇನ್ನೊಂದು ಶಾಖೆ ತೆರೆಯಿರಿ" ಎಂದಾಗ ನಾನು ಈ ಕಥೆಯನ್ನು ಪೂರ್ತಿ ಹೇಳಿದೆ. ಅವರು ಗಡಿಯಾರ ನೋಡಿಕೊಂಡು ಎದ್ದರು.

ಈ ವರ್ಷ ನಾನು ಒಂದು ಸುಧಾರಣೆ ಮಾಡಿದ್ದೇನೆ. ಹದಿನಾರನೆಯ ಮನೆಯನ್ನು ಖಾಲಿ ಎಂದು ತೋರಿಸಿದರೆ ತಾನೇ ಜನ ಕೇಳುವುದು? ಬುಧವಾರ ಆರು ಗಂಟೆಯ ಅರ್ಧ ಗಂಟೆಗೆ ಎಲ್ಲೂ ಇಲ್ಲದ ಒಬ್ಬ ಹುಡುಗಿಯ ಹೆಸರು ಬರೆದಿಟ್ಟಿದ್ದೇನೆ. ಅವಳು ಪರೀಕ್ಷೆಯೆಂದು ರಜೆ ಕೇಳುವುದಿಲ್ಲ, ಬದಲಿ ಪಾಠಕ್ಕೆ ಗಂಟು ಬೀಳುವುದಿಲ್ಲ. ಯಾರನ್ನಾದರೂ ಸರಿಸಬೇಕಾಗಿ ಬಂದರೆ ಮಾತಿಲ್ಲದೆ ಜಾಗ ಬಿಡುತ್ತಾಳೆ. ಉಳಿದ ಬುಧವಾರಗಳಲ್ಲಿ ನನ್ನ ಹೆಂಡತಿ ಆ ಹೊತ್ತಿಗೆ ಬಾಗಿಲು ಹಾಕಿಕೊಂಡು ತನಗಾಗಿ ಹಾಡಿಕೊಳ್ಳುತ್ತಾಳೆ. ಹೊರಗೆ ಮಗಳಿಗಾಗಿ ಕಾಯುತ್ತಿದ್ದ ತಾಯಿಯೊಬ್ಬರು ಹೋದ ವಾರ ನನ್ನನ್ನು ಕೇಳಿದರು: "ಆರು ಗಂಟೆಯ ಹುಡುಗಿ ಎಷ್ಟು ಚೆನ್ನಾಗಿ ಹಾಡುತ್ತಾಳೆ ಸರ್! ನಮ್ಮವಳನ್ನೂ ಅದೇ ಹೊತ್ತಿಗೆ, ಅವಳ ಜೊತೆಯಲ್ಲೇ ಕೂರಿಸಲು ಆಗುತ್ತದೆಯೇ?"