ಡ್ರೋನ್ ಬಂದರೂ ಸಮುದ್ರ ಅದೇ ಅಲ್ವಾ

ಡ್ರೋನ್ ಬಂದ ಮೇಲೆ ಸಬ್‌ಮರೀನ್‌ಗಳಿಗೆ ಅಡಗಲು ಜಾಗವೇ ಇಲ್ಲ ಅಂತ ಬರೆದಿದ್ದೀರಿ ಸರ್, ಸ್ವಲ್ಪ ಜಾಸ್ತಿ ಆಯಿತು. ಸಬ್‌ಮರೀನ್ ಹುಡುಕಲೆಂದೇ ಮಾಡಿದ ಅಮೆರಿಕದ ಡ್ರೋನ್ ಹಡಗು ಸೀ ಹಂಟರ್ 2016ರಲ್ಲೇ ನೀರಿಗಿಳಿದಿದೆ, ಅದರಲ್ಲಿ ಜನ ಇಲ್ಲ, ಊಟ ಕೇಳುವುದಿಲ್ಲ, ರಜೆ ಕೇಳುವುದಿಲ್ಲ, ಎಲ್ಲಾ ಸರಿ. ಆದರೆ ಅದರ ಕಿವಿಯೂ ಸೋನಾರೇ, ಅಂದರೆ ನೀರಲ್ಲಿ ಸದ್ದು ಬಿಟ್ಟು ಪ್ರತಿಧ್ವನಿ ಕೇಳುವ ಯಂತ್ರವೇ ತಾನೆ?

ನಮ್ಮ ಅರಬ್ಬಿ ಸಮುದ್ರದಲ್ಲಿ ಬಿಸಿಲಿಗೆ ಮೇಲಿನ ನೀರು ಕಾಯುತ್ತದೆ, ಕೆಳಗಿನದು ತಣ್ಣಗೇ ಇರುತ್ತದೆ, ಶಬ್ದ ತಣ್ಣನೆ ನೀರಿನ ಕಡೆಗೇ ಬಾಗುವುದರಿಂದ ಹಡಗು ಬಿಟ್ಟ ಸದ್ದು ನೇರ ಹೋಗದೆ ತಳಕ್ಕೆ ಇಳಿದುಬಿಡುತ್ತದೆ. ಬೆಳಿಗ್ಗೆ ಚೆನ್ನಾಗಿ ಸಿಕ್ಕಿದ ಸಬ್‌ಮರೀನ್ ಮಧ್ಯಾಹ್ನ ಮಾಯ! 1971ರ ಡಿಸೆಂಬರ್ 9ರಂದು ದಿಯು ಹತ್ತಿರ ಪಾಕಿಸ್ತಾನದ ಸಬ್‌ಮರೀನ್ ದಾಳಿಗೆ ಮುಳುಗಿದ ನಮ್ಮ ನೌಕಾಪಡೆಯ ಖುಕ್ರಿ, ಸಬ್‌ಮರೀನ್ ಇದೆ ಅಂತ ಗೊತ್ತಾಗಿಯೇ ಹುಡುಕಲು ಹೋಗಿದ್ದ ಹಡಗು.

1950ರ ದಶಕದಿಂದ ಅಮೆರಿಕ ಸಮುದ್ರದ ತಳದಲ್ಲಿ ಹೈಡ್ರೋಫೋನ್ (ನೀರೊಳಗಿನ ಮೈಕ್) ಸಾಲು ಹಾಕಿ ಸೋವಿಯತ್ ಸಬ್‌ಮರೀನ್ ಪತ್ತೆ ಮಾಡುತ್ತಿತ್ತು ನಿಜ, ಆದರೆ ಆ ಸಬ್‌ಮರೀನ್‌ಗಳು ಸಿಕ್ಕಾಪಟ್ಟೆ ಗದ್ದಲ ಮಾಡುತ್ತಿದ್ದವು. ಈಗಿನ ಡೀಸೆಲ್ ಸಬ್‌ಮರೀನ್ ಬ್ಯಾಟರಿ ಮೇಲೆ ಹೋಗುವಾಗ ಸದ್ದೇ ಕಡಿಮೆ. ಜೊತೆಗೆ ಮಲ್ಪೆ ಬಂದರಿನಿಂದ ಹೊರಡುವ ಟ್ರಾಲ್ ಬೋಟ್‌ಗಳ ಗಡಗಡ ಒಮ್ಮೆ ಕೇಳಿ, ಅದರ ನಡುವೆ ಏನು ಕೇಳಿಸೀತು?

ಅಂದಹಾಗೆ 2020ರ ಡಿಸೆಂಬರ್‌ನಲ್ಲಿ ಇಂಡೋನೇಷ್ಯಾದ ಸೆಲಾಯಾರ್ ದ್ವೀಪದ ಹತ್ತಿರ ನೀರೊಳಗಿನ ಡ್ರೋನ್ ಒಂದು ಮೀನುಗಾರರ ಕೈಗೇ ಸಿಕ್ಕಿತ್ತು. ಪತ್ತೆ ಮಾಡಲು ಹೋದದ್ದೇ ಪತ್ತೆಯಾಯಿತು ನೋಡಿ.